ಬಾಯಿಯ ರೋಗ, ಬಸಿರಿನ ಚಿಂತೆ

ಹೊರನಾಡ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ಆರೋಗ್ಯ ತಪಾಸಣಾ ಶಿಬಿರಕ್ಕೆ ಈಗ ಕಾಯಂ ಸ್ಥಾನ ದೊರೆತಿದೆ. ರಾಜ್ಯೋತ್ಸವ, ದಾಸರ ಆರಾಧನೆ, ವರಮಹಾಲಕ್ಷ್ಮಿ ಪೂಜೆಗಳ ಜತೆಗೆ ಒಂದು ಭಾನುವಾರ ಬೆಳಿಗ್ಗೆ ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ತೋರಿಸಿಕೊಳ್ಳುವ ವ್ಯವಸ್ಥೆ. ಇದು ಸ್ವಾಗತಾರ್ಹ ಬೆಳವಣಿಗೆ. ಆದರೆ ಇಂಥ ಶಿಬಿರಗಳಲ್ಲಿ ದಂತವೈದ್ಯರ ಮೇಜಿನ ಮುಂದೆ ಸಾಲು ನಿಲ್ಲುವವರು ಶಾಲಾ ಮಕ್ಕಳು ಮತ್ತು ಹಲ್ಲು ಅಲ್ಲಾಡುವ ಹಿರಿಯರು. ಮದುವೆಯಾಗಿ ಒಂದೆರಡು ವರ್ಷವಾದ ಸೊಸೆಯಂದಿರು, ಬಸುರಿಯರು ಅಲ್ಲಿ ಕಾಣಿಸುವುದು ಅಪರೂಪ. ಅವರಲ್ಲಿ ಅರ್ಧ ಮಂದಿ ಹಿಂದಿನ ಕೋಣೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಬಡಿಸುವ ಕೆಲಸದಲ್ಲಿರುತ್ತಾರೆ. ಮೊದಲು ಹಲ್ಲು ತೋರಿಸಬೇಕಾದವರು ಅವರೇ ಎಂಬುದನ್ನು ಈ ಹೊತ್ತಿನ ವೈದ್ಯಕೀಯ ಸಂಶೋಧನೆಗಳು ಹೇಳುತ್ತಿವೆ. ವಿಶಾಖಪಟ್ಟಣ, ವಿಜಯವಾಡದ ನಮ್ಮ ಸಂಘಗಳ ಪದಾಧಿಕಾರಿಗಳ, ಅದರಲ್ಲೂ ಮಹಿಳಾ ವಿಭಾಗದವರ ಗಮನವನ್ನು ಈ ವಿಷಯದ ಕಡೆಗೆ ಸೆಳೆಯುವುದು ಅಗತ್ಯ ಎನಿಸಿದೆ.

ವಸಡಿನ ರೋಗದ ದೊಡ್ಡ ತೊಂದರೆಯೆಂದರೆ ಅದು ನೋಯುವುದಿಲ್ಲ. ಹುಳುಕು ಹಲ್ಲಾದರೆ ರಾತ್ರಿಯ ನಿದ್ದೆ ಕೆಡಿಸಿ ವೈದ್ಯರ ಬಳಿಗೆ ಓಡಿಸುತ್ತದೆ. ವಸಡು ಹಾಗಲ್ಲ. ಹಲ್ಲುಜ್ಜುವಾಗ ಬ್ರಷ್ಷಿಗೆ ಸ್ವಲ್ಪ ರಕ್ತ ಹತ್ತುತ್ತದೆ, ಬಾಯಿ ವಾಸನೆ ಬರುತ್ತದೆ, ಅಷ್ಟೆ. ‘ಉಷ್ಣ ಆಗಿದೆ’ ಎಂದು ಒಂದು ಎಳನೀರು ಕುಡಿದು ನಾವು ಸುಮ್ಮನಾಗುತ್ತೇವೆ. ಒಳಗೆ ನಡೆಯುತ್ತಿರುವುದೇ ಬೇರೆ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಅದರ ಅಂಚಿನಲ್ಲಿ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಶುಚಿ ಮಾಡಿಸಿದರೆ ಪೂರ್ತಿ ವಾಸಿಯಾಗುತ್ತದೆ. ಅಲಕ್ಷಿಸಿದರೆ ವಸಡು ಹಲ್ಲನ್ನು ಬಿಟ್ಟು ಸರಿದು ನಡುವೆ ಸಂದು ಬೀಳುತ್ತದೆ, ಗಾಳಿ ಸೋಕದ ಆ ಸಂದಿನಲ್ಲಿ ಬೇರೆಯೇ ಜಾತಿಯ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ, ಹಲ್ಲನ್ನು ಹಿಡಿದ ಮೂಳೆ ಕರಗತೊಡಗುತ್ತದೆ. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವರ್ಷದವರ ಪೈಕಿ ಶೇ. 89.6 ಮಂದಿಗೆ ಒಂದಲ್ಲ ಒಂದು ಮಟ್ಟದ ವಸಡಿನ ತೊಂದರೆ ಕಂಡುಬಂದಿತ್ತು. ಹತ್ತರಲ್ಲಿ ಒಂಬತ್ತು ಜನರಿಗೆ ಇರುವುದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಕಾಲಿನ ಮೇಲೆ ಅಷ್ಟೇ ಅಗಲದ, ರಕ್ತ ಒಸರುವ ಹುಣ್ಣು ಇದ್ದಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗುತ್ತಿದ್ದೆವು.

ಇನ್ನು ಬಸಿರಿಗೂ ವಸಡಿಗೂ ಏನು ಸಂಬಂಧ? ಸಂಬಂಧ ಎರಡು ದಿಕ್ಕಿನದು. ಬಸಿರು ವಸಡನ್ನು ಕೆಡಿಸುತ್ತದೆ ಎಂಬುದು ಹಳೆಯ, ಖಚಿತವಾದ ಸಂಗತಿ. ಗರ್ಭಿಣಿಯ ರಕ್ತದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರಿದಂತೆ ವಸಡಿನ ರಕ್ತನಾಳಗಳು ಹಿಗ್ಗುತ್ತವೆ, ಸ್ವಲ್ಪ ಪಾಚಿಗೇ ಬಹಳ ಊತ ಬರುತ್ತದೆ. ಪ್ರಿವೊಟೆಲ್ಲಾ ಇಂಟರ್‌ಮೀಡಿಯಾ ಎಂಬ ಬ್ಯಾಕ್ಟೀರಿಯಾ ಈ ಹಾರ್ಮೋನುಗಳನ್ನೇ ಆಹಾರವಾಗಿ ಬಳಸಿಕೊಂಡು ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ಕಾರ್ನ್‌ಮನ್ ಮತ್ತು ಲೋಷ್ 1980ರಲ್ಲೇ ತೋರಿಸಿದ್ದರು. ಕೆಲವರಿಗೆ ನಾಲ್ಕೈದು ತಿಂಗಳಿಗೆ ವಸಡಿನ ಮೇಲೆ ಮುಟ್ಟಿದರೆ ರಕ್ತ ಬರುವ ಕೆಂಪು ಗಂಟು ಏಳುತ್ತದೆ. ಕ್ಯಾನ್ಸರ್ ಎಂದು ಹೆದರುವವರೂ ಇದ್ದಾರೆ. ಅದು ಕ್ಯಾನ್ಸರ್ ಅಲ್ಲ, ಬಹುತೇಕ ಹೆರಿಗೆಯ ನಂತರ ಕುಗ್ಗುತ್ತದೆ. ಆದರೂ ವೈದ್ಯರಿಗೆ ತೋರಿಸಬೇಕು. ಮಗು ತಾಯಿಯ ಹಲ್ಲಿನ ಸುಣ್ಣವನ್ನೆಲ್ಲ ಹೀರಿಕೊಳ್ಳುತ್ತದೆ ಎಂಬ ಅಜ್ಜಿಯರ ಮಾತು ಮಾತ್ರ ನಿಜವಲ್ಲ. ಹಲ್ಲು ಸಡಿಲವಾಗುವುದು ವಸಡಿನ ರೋಗದಿಂದ.

ಇನ್ನೊಂದು ದಿಕ್ಕಿನದು, ಅಂದರೆ ವಸಡಿನ ರೋಗ ಬಸಿರನ್ನು ಕೆಡಿಸಬಹುದೇ ಎಂಬುದು, ಕಳೆದ ಮೂರು ದಶಕಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. 1996ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವನ್ ಆಫನ್‌ಬಾಕರ್ ತಂಡ 124 ತಾಯಂದಿರನ್ನು ಪರೀಕ್ಷಿಸಿ, ದಿನ ತುಂಬುವ ಮೊದಲೇ ಕಡಿಮೆ ತೂಕದ ಮಗುವನ್ನು ಹೆತ್ತವರಲ್ಲಿ ವಸಡಿನ ರೋಗ ತೀರ ಹೆಚ್ಚೆಂದು ವರದಿ ಮಾಡಿತು. ಅಲ್ಲಿಂದ ಶುರುವಾಯಿತು. ಬೆಳಗಾವಿಯ ಕೆ.ಎಲ್.ಇ. ದಂತ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಕೂಡ 2014ರಲ್ಲಿ ವಸಡಿನ ರೋಗವನ್ನು ಮಗುವಿನ ಕಡಿಮೆ ತೂಕ ಹಾಗೂ ತಾಯಿಯ ಹಿಮೋಗ್ಲೋಬಿನ್ ಕೊರತೆಯ ಜತೆಗಿಟ್ಟು ನೋಡಿದ್ದಾರೆ. ರಕ್ತಹೀನತೆ ನಮ್ಮ ಹೆಂಗಸರ ಹಳೆಯ ಶಾಪವಾದ್ದರಿಂದ ಆ ಕೆಲಸ ನಮಗೆ ಹತ್ತಿರದ್ದು.

ಬಾಯಿಯ ಬ್ಯಾಕ್ಟೀರಿಯಾ ಗರ್ಭಕೋಶಕ್ಕೆ ಹೋಗುವುದಾದರೂ ಹೇಗೆ ಎಂದು ಓದುಗರು ಕೇಳಬಹುದು. ಊದಿದ ವಸಡಿನಿಂದ ಅವು ರಕ್ತಕ್ಕೆ ಇಳಿಯುತ್ತವೆ. ಹಲ್ಲುಜ್ಜಿದಾಗ, ಅಗಿದಾಗ ಕೂಡ. ಆರೋಗ್ಯವಂತರಲ್ಲಿ ರಕ್ತವೇ ಅವುಗಳನ್ನು ನಿವಾರಿಸಿಬಿಡುತ್ತದೆ. ಆದರೆ ಮಾಸು ಅವುಗಳಿಗೆ ಒಳ್ಳೆಯ ಆಶ್ರಯ. ಕ್ಲೀವ್‌ಲ್ಯಾಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಯಿಪಿಂಗ್ ಹಾನ್ 2004ರಲ್ಲಿ ಬಸಿರಾದ ಇಲಿಗಳ ರಕ್ತಕ್ಕೆ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಬಾಯಿಯ ಬ್ಯಾಕ್ಟೀರಿಯಾ ಸೇರಿಸಿದಾಗ ಅದು ನೇರವಾಗಿ ಮಾಸಿಗೆ ಹೋಗಿ ನೆಲೆಸಿತು. 2010ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಕರಣ ಇನ್ನೂ ಮನ ಕಲಕುವಂಥದು. ದಿನ ತುಂಬಿದ್ದ 35 ವರ್ಷದ ಮಹಿಳೆಗೆ ಮಗು ಸತ್ತು ಹುಟ್ಟಿತ್ತು. ಬಸುರಿನುದ್ದಕ್ಕೂ ಆಕೆಗೆ ವಸಡಿನಿಂದ ವಿಪರೀತ ರಕ್ತ ಬರುತ್ತಿತ್ತು. ಮಗುವಿನ ಶ್ವಾಸಕೋಶ, ಹೊಟ್ಟೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವೂ ತಾಯಿಯ ಹಲ್ಲಿನ ಪಾಚಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾವೂ ಒಂದೇ ತಳಿಯವು ಎಂದು ಪರೀಕ್ಷೆಯಿಂದ ಸಿದ್ಧವಾಯಿತು. ಹೆರಿಗೆಗೆ ಕೆಲವು ದಿನ ಮುಂಚೆ ಆಕೆಗೆ ನೆಗಡಿ, ಗಂಟಲಿನ ಸೋಂಕೂ ಇತ್ತು ಎಂಬುದನ್ನು ಸೇರಿಸಿ ಹೇಳಬೇಕು. ಇಂಥದು ತೀರ ವಿರಳ. ವಸಡಿನಲ್ಲಿ ರಕ್ತ ಕಂಡ ಬಸುರಿಯರೆಲ್ಲ ಹೆದರಬೇಕಾಗಿಲ್ಲ.

ಎರಡನೆಯ ದಾರಿಯಲ್ಲಿ ಬ್ಯಾಕ್ಟೀರಿಯಾ ಗರ್ಭದವರೆಗೆ ಪ್ರಯಾಣ ಮಾಡಬೇಕಾದ್ದೇ ಇಲ್ಲ. ವಸಡಿನ ಉರಿಯೂತವೇ ರಕ್ತದಲ್ಲಿ ಪ್ರೊಸ್ಟಗ್ಲಾಂಡಿನ್ ಮುಂತಾದ ರಾಸಾಯನಿಕಗಳನ್ನು ಏರಿಸುತ್ತದೆ. ಹೆರಿಗೆ ನೋವು ಬರಿಸುವುದೂ ಇದೇ ಪ್ರೊಸ್ಟಗ್ಲಾಂಡಿನ್. ಅವಧಿಗೆ ಮುನ್ನ ನೋವು ಬರುವುದಕ್ಕೆ ಇದೂ ಒಂದು ಕಾರಣವಿರಬಹುದೆಂಬುದು ತಜ್ಞರ ಊಹೆ. ನಮ್ಮ ದೇಶದಲ್ಲಿ 2020ರಲ್ಲಿ ಸುಮಾರು 30 ಲಕ್ಷ ಮಕ್ಕಳು ಅವಧಿಗೆ ಮುನ್ನ ಹುಟ್ಟಿದವು, ಅಂದರೆ ಜಗತ್ತಿನ ಅಂಥ ಜನನಗಳಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇಷ್ಟು ದೊಡ್ಡ ಸಂಖ್ಯೆಯ ಎದುರಿನಲ್ಲಿ ಸಣ್ಣ ಕಾರಣವೂ ಸಣ್ಣದಲ್ಲ.

ಮಗು ಆಗುವ ಮೊದಲಿನ ಮಾತಿಗೆ ಬರೋಣ. ವಿಜಯವಾಡದ ಬೀದಿಗಳಲ್ಲಿ, ವಿಶಾಖಪಟ್ಟಣದಲ್ಲಿ ಈಗ ಸಂತಾನ ಚಿಕಿತ್ಸಾ ಕೇಂದ್ರಗಳ ದೊಡ್ಡ ದೊಡ್ಡ ಫಲಕಗಳು ಕಾಣುತ್ತವೆ. ನಮ್ಮ ಕನ್ನಡ ಕುಟುಂಬಗಳೂ ಆ ಮೆಟ್ಟಿಲು ಹತ್ತುತ್ತಿವೆ, ಲಕ್ಷಗಟ್ಟಲೆ ಖರ್ಚಾಗುತ್ತದೆ. ಅಲ್ಲಿಗೆ ಹೋಗುವ ಮುನ್ನ ಯಾರಾದರೂ ಒಮ್ಮೆ ಬಾಯಿ ತೆರೆಸಿ ನೋಡಿದ್ದಾರೆಯೇ? ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಪ್ರೊ. ರೋಜರ್ ಹಾರ್ಟ್ 2011ರಲ್ಲಿ ಮಂಡಿಸಿದ, 3,737 ಗರ್ಭಿಣಿಯರನ್ನು ಒಳಗೊಂಡ ಅಧ್ಯಯನದ ಪ್ರಕಾರ ವಸಡಿನ ರೋಗ ಇಲ್ಲದವರಿಗೆ ಗರ್ಭ ನಿಲ್ಲಲು ಸರಾಸರಿ 5 ತಿಂಗಳು ಬೇಕಾಗಿದ್ದರೆ, ಇದ್ದವರಿಗೆ 7 ತಿಂಗಳು ಹಿಡಿದಿತ್ತು. ಯುರೋಪಿಯನ್ ಮೂಲದವರಲ್ಲದ ಮಹಿಳೆಯರಲ್ಲಿ ವ್ಯತ್ಯಾಸ ಹೆಚ್ಚು ಎದ್ದು ಕಂಡಿತು. ಅವರಲ್ಲಿ ವಸಡಿನ ರೋಗವಿದ್ದವರ ಪೈಕಿ ಶೇ. 13.9 ಮಂದಿಗೆ, ಇಲ್ಲದವರ ಪೈಕಿ ಶೇ. 6.2 ಮಂದಿಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಗಿತ್ತು. ಹೆಲ್ಸಿಂಕಿಯಲ್ಲಿ ಮಗು ಬಯಸಿದ 256 ಮಹಿಳೆಯರನ್ನು ಒಂದು ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭ ನಿಲ್ಲದವರ ಜೊಲ್ಲಿನಲ್ಲಿ ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ, ವಸಡಿನ ರೋಗದ ಮುಖ್ಯ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡುಬಂತು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಹಾರ್ಟ್ ಅವರ ಅಧ್ಯಯನದಲ್ಲಿದ್ದವರೆಲ್ಲರೂ ಕೊನೆಗೆ ಬಸುರಿಯರಾದವರೇ. ಅದು ತಡವಾಗುವುದನ್ನು ಹೇಳುತ್ತದೆಯೇ ಹೊರತು ಬಂಜೆತನವನ್ನಲ್ಲ. ವಸಡು ಕೆಟ್ಟವರಲ್ಲಿ ತೂಕ, ತಂಬಾಕು, ಸಕ್ಕರೆ ಕಾಯಿಲೆ, ಬಡತನ ಇವೆಲ್ಲ ಜತೆಜತೆಗೇ ಇರುತ್ತವೆ. ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ.

ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸುದ್ದಿ 2023ರದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು ಮುಟ್ಟಿನ ಸಮಯದಲ್ಲಿ ಪ್ರಾಣ ಹಿಂಡುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಅನೇಕ ಹೆಣ್ಣುಮಕ್ಕಳನ್ನು ಕಾಡುತ್ತದೆ. ‘ಎಲ್ಲರಿಗೂ ಆಗುತ್ತೆ, ತಡ್ಕೊ’ ಎಂದು ಮನೆಯಲ್ಲಿ ಬಾಯಿ ಮುಚ್ಚಿಸುವ ನೋವು ಅದು, ಸಂತಾನಕ್ಕೂ ಅಡ್ಡಿ. ನಗೋಯಾದವರು 155 ಮಹಿಳೆಯರನ್ನು ಪರೀಕ್ಷಿಸಿದಾಗ ಈ ರೋಗ ಇದ್ದವರ ಪೈಕಿ ಶೇ. 64 ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಸಿಕ್ಕಿತು, ಇಲ್ಲದವರಲ್ಲಿ ಶೇ. 10ಕ್ಕೂ ಕಡಿಮೆ. ಇಲಿಗಳಿಗೆ ಮೆಟ್ರೊನಿಡಜೋಲ್ ಮುಂತಾದ ಆಂಟಿಬಯಾಟಿಕ್ ಕೊಟ್ಟಾಗ ಗಾಯಗಳು ಕಡಿಮೆಯಾದವು. ಈ ಬ್ಯಾಕ್ಟೀರಿಯಾ ಬಾಯಿಯಲ್ಲಿ ಮಾತ್ರವಲ್ಲ, ಕರುಳಿನಲ್ಲೂ ಇರುತ್ತದೆ. ವಸಡಿನಿಂದಲೇ ಬಂತೆಂದು ಆ ಅಧ್ಯಯನ ಸಾಧಿಸಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಲ್ಲುನೋವಿಗೂ ಹೊಟ್ಟೆ ಕೆಟ್ಟರೂ ಅಂಗಡಿಯಲ್ಲಿ ಕೇಳಿ ಮೆಟ್ರೊನಿಡಜೋಲ್ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಈ ಸುದ್ದಿ ಓದಿ ಯಾರೂ ಔಷಧಿ ಅಂಗಡಿಗೆ ಹೋಗಬಾರದು. ಕಿಟ್ಟ ಮಾತ್ರೆಗೆ ಕರಗುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು.

ಇಲ್ಲಿ ಒಂದು ಆತಂಕವನ್ನೂ ಹೇಳಿಬಿಡುವುದು ಲೇಸು. ಮಗು ತಡವಾದರೆ ನಮ್ಮ ಮನೆಗಳಲ್ಲಿ ಮಾತು ಕೇಳಬೇಕಾದವಳು ಸೊಸೆ. ಜಾತಕ, ಕಾಲ್ಗುಣ, ದಪ್ಪ, ಸಣ್ಣ, ನೌಕರಿ ಎಲ್ಲ ಆಯಿತು. ಇನ್ನು ‘ಸರಿಯಾಗಿ ಹಲ್ಲುಜ್ಜದವಳು’ ಎಂಬ ಹೊಸ ಆರೋಪವೊಂದು ಸೇರಿಕೊಳ್ಳುವುದು ಬೇಡ. ಇಸ್ರೇಲಿನಲ್ಲಿ 2011ರಲ್ಲಿ ವೀರ್ಯ ಪರೀಕ್ಷೆಗೆ ಬಂದ ಗಂಡಸರನ್ನು ನೋಡಿದಾಗ, ವಸಡಿನಲ್ಲಿ ಆಳವಾದ ಸಂದು ಇದ್ದವರ ವೀರ್ಯಾಣುಗಳ ಚಲನೆ ಕಡಿಮೆ ಇದ್ದದ್ದು ಕಂಡುಬಂದಿದೆ. ಅದು ಸಣ್ಣ ಅಧ್ಯಯನ. ಆದರೂ ದಂತವೈದ್ಯರಲ್ಲಿಗೆ ಹೋಗುವುದಾದರೆ ಗಂಡ ಹೆಂಡತಿ ಇಬ್ಬರೂ ಹೋಗುವುದೇ ಸರಿಯಾದ ಕ್ರಮ.

ಹಾಗಾದರೆ ಬಸುರಿನಲ್ಲಿ ವಸಡಿಗೆ ಚಿಕಿತ್ಸೆ ಮಾಡಿಸಿದರೆ ಮಗು ದಿನ ತುಂಬಿ ಹುಟ್ಟುತ್ತದೆಯೇ? ಇದಕ್ಕೆ ಉತ್ತರ ನಿರಾಶಾದಾಯಕ. ಅಮೆರಿಕದಲ್ಲಿ 823 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 21 ವಾರದೊಳಗೆ, ಇನ್ನೊಂದಕ್ಕೆ ಹೆರಿಗೆಯ ನಂತರ ವಸಡಿನ ಚಿಕಿತ್ಸೆ ನೀಡಲಾಯಿತು. 2006ರಲ್ಲಿ ಬಂದ ಫಲಿತಾಂಶದಲ್ಲಿ ಅವಧಿಪೂರ್ವ ಹೆರಿಗೆ ಮೊದಲ ಗುಂಪಿನಲ್ಲಿ ಶೇ. 12, ಎರಡನೆಯದರಲ್ಲಿ ಶೇ. 12.8. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅನಂತರದ ದೊಡ್ಡ ಪರೀಕ್ಷೆಗಳೂ ಬಹುಮಟ್ಟಿಗೆ ಇದನ್ನೇ ಹೇಳಿದವು. ಸಂಬಂಧವೇ ಇಲ್ಲ ಎನ್ನುವವರು ಇದನ್ನು ಎತ್ತಿ ತೋರಿಸುತ್ತಾರೆ. ಇನ್ನು ಕೆಲವರು, ನಾಲ್ಕೈದು ತಿಂಗಳಾದ ಮೇಲೆ ಶುರು ಮಾಡಿದರೆ ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಚಿಕಿತ್ಸೆ ಬಸುರಿಗೆ ಮೊದಲೇ ಆಗಬೇಕು ಎನ್ನುತ್ತಾರೆ. ನಮಗೆ ಎರಡನೆಯ ಮಾತು ಹೆಚ್ಚು ಒಪ್ಪಿಗೆಯಾಗುತ್ತದೆ, ಯಾಕೆಂದರೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ, ಹಲ್ಲಂತೂ ಉಳಿಯುತ್ತದೆ. ಅದೇ 2006ರ ಪರೀಕ್ಷೆ ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಿದೆ. ಬಸುರಿನಲ್ಲಿ ವಸಡಿನ ಚಿಕಿತ್ಸೆಯಿಂದ ತಾಯಿಗಾಗಲಿ ಮಗುವಿಗಾಗಲಿ ಅಪಾಯ ಕಾಣಲಿಲ್ಲ, ವಸಡು ಸುಧಾರಿಸಿತು. ‘ಬಸುರಿ ಹಲ್ಲಿಗೆ ಕೈ ಹಚ್ಚಬಾರದು’ ಎಂದು ವಾಪಸು ಕಳಿಸುವ ರೂಢಿ ಇನ್ನಾದರೂ ನಿಲ್ಲಬೇಕು. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2013ರಲ್ಲೇ ಶುಚಿಗೊಳಿಸುವುದು, ಮರಗಟ್ಟಿಸುವ ಇಂಜೆಕ್ಷನ್, ಹೊಟ್ಟೆಗೆ ರಕ್ಷಣೆ ಹಾಕಿ ತೆಗೆಯುವ ಹಲ್ಲಿನ ಎಕ್ಸ್‌ರೇ ಎಲ್ಲವೂ ಬಸುರಿನಲ್ಲಿ ಸುರಕ್ಷಿತ ಎಂದು ಹೇಳಿದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಮಾತ್ರ ಬೇಡ, ಮಗುವಿನ ಹಲ್ಲಿಗೆ ಕಲೆ ಬೀಳುತ್ತದೆ. ನೋವಿನ ಮಾತ್ರೆಯನ್ನೂ ಪ್ರಸೂತಿ ವೈದ್ಯರನ್ನು ಕೇಳದೆ ನುಂಗಬಾರದು.

ಚಿಕಿತ್ಸೆಗೆ ಅನುಕೂಲವಾದ ಸಮಯ ನಾಲ್ಕನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ. ಮೊದಲ ಮೂರು ತಿಂಗಳು ವಾಂತಿ, ಸುಸ್ತು. ಕೊನೆಯ ಮೂರು ತಿಂಗಳು ಕುರ್ಚಿಯಲ್ಲಿ ಮಲಗುವುದೇ ಕಷ್ಟ. ನಮ್ಮವರು ಎಡವುವುದು ಇಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ಏಳನೆಯ ತಿಂಗಳಿನಲ್ಲಿ ಸೀಮಂತ ಮುಗಿಸಿ, ವಿಶಾಖಪಟ್ಟಣದವರು ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ, ವಿಜಯವಾಡದವರು ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿಗೆ ಹೊರಡುತ್ತಾರೆ. ‘ಹಲ್ಲಿನದೇನು ಮಹಾ, ಊರಿಗೆ ಹೋದಾಗ ನಮ್ಮ ಡಾಕ್ಟರಿಗೆ ತೋರಿಸಿದರಾಯಿತು’ ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಊರು ಸೇರುವ ಹೊತ್ತಿಗೆ ಅನುಕೂಲದ ಮೂರು ತಿಂಗಳು ಮುಗಿದಿರುತ್ತದೆ. ಆ ತಿಂಗಳುಗಳನ್ನು ಆಕೆ ಕಳೆಯುವುದು ಇಲ್ಲಿ, ಉಕ್ಕುನಗರದ ಕ್ವಾರ್ಟರ್ಸಿನಲ್ಲೋ ಗುಣದಲದ ಬಾಡಿಗೆ ಮನೆಯಲ್ಲೋ. ಆದ್ದರಿಂದ ತೋರಿಸಬೇಕಾದ್ದೂ ಇಲ್ಲಿಯೇ.

ಇಲ್ಲಿ ತೋರಿಸಲು ಕೊರತೆಯೇನೂ ಇಲ್ಲ. ವಿಜಯವಾಡದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ವಿಶಾಖಪಟ್ಟಣದಲ್ಲಿ ಗೀತಂ ದಂತ ವೈದ್ಯಕೀಯ ಕಾಲೇಜು, ಸಂಗಿವಲಸದಲ್ಲಿ ಅನಿಲ್ ನೀರುಕೊಂಡ ಸಂಸ್ಥೆ ಇವೆ. ದಂತ ಕಾಲೇಜುಗಳಲ್ಲಿ ವಸಡಿಗೆಂದೇ ಪ್ರತ್ಯೇಕ ವಿಭಾಗ ಇರುತ್ತದೆ. ಉಕ್ಕಿನ ಕಾರ್ಖಾನೆಯವರಿಗೂ ನೌಕಾಪಡೆಯವರಿಗೂ ತಮ್ಮತಮ್ಮ ಆಸ್ಪತ್ರೆಗಳಿವೆ. ಖಾಸಗಿಯಲ್ಲಿ ಹಲ್ಲು ಶುಚಿ ಮಾಡಿಸಿದರೂ ಸೀಮಂತಕ್ಕೆ ತೆಗೆಯುವ ರೇಷ್ಮೆ ಸೀರೆಯ ಖರ್ಚಿಗೆ ಹೋಲಿಸುವಂತಿಲ್ಲ. ಅಡ್ಡಿಯೇನಿದ್ದರೂ ಭಾಷೆಯದು, ಸಂಕೋಚದ್ದು. ಹೊಸದಾಗಿ ಬಂದ ಹುಡುಗಿ ವೈದ್ಯರ ಮುಂದೆ ‘ವಸಡು’ ಎಂದರೆ ಅವರಿಗೆ ತಿಳಿಯದು, ತೆಲುಗಿನಲ್ಲಿ ಅದು ‘ಚಿಗುಳ್ಳು’. ‘ಎನ್ನೋ ನೆಲ?’ ಎಂದು ಅವರು ಕೇಳಿದರೆ ಎಷ್ಟನೆಯ ತಿಂಗಳು ಎಂದು ಅರ್ಥ. ನಮ್ಮವಳು ನೆಲ ನೋಡುತ್ತ ನಿಂತರೆ ತಪ್ಪು ಅವಳದಲ್ಲ. ಬಸುರಿ ಎಂಬುದನ್ನು ದಂತವೈದ್ಯರಿಗೆ ಹೇಳಲೇ ನಾಚಿ ಎಕ್ಸ್‌ರೇಗೆ, ಮಾತ್ರೆಗೆ ಸುಮ್ಮನೆ ತಲೆಯಾಡಿಸುವವರಿದ್ದಾರೆ. ಜತೆಗೆ ತೆಲುಗು ಬಲ್ಲ ಹಿರಿಯರೊಬ್ಬರು ಹೋದರೆ ಸಾಕು. ಸಂಘ ಇರುವುದು ಇದಕ್ಕಲ್ಲದೆ ಮತ್ತೇಕೆ?

ತಂಬಾಕಿನ ವಿಷಯ ಹೇಳದೆ ಬಿಟ್ಟರೆ ಅಪೂರ್ಣ. ವಿಶಾಖಪಟ್ಟಣ, ಶ್ರೀಕಾಕುಳಂ ಕರಾವಳಿಯ ಹಳ್ಳಿಗಳಲ್ಲಿ ಹೆಂಗಸರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ‘ಅಡ್ಡಪೊಗ’ ಪದ್ಧತಿ ವೈದ್ಯಕೀಯ ಪುಸ್ತಕಗಳಲ್ಲೇ ಪ್ರಸಿದ್ಧ. 1971ರಲ್ಲಿ ಪಿಂಡ್‌ಬೋರ್ಗ್ ಮತ್ತಿತರರು ಇಲ್ಲಿನ 10,169 ಹಳ್ಳಿಗರ ಬಾಯಿ ಪರೀಕ್ಷಿಸಿ ಅದರ ದುಷ್ಪರಿಣಾಮ ದಾಖಲಿಸಿದರು. ಅದನ್ನು ನೋಡಿ ಮೂಗು ಮುರಿಯುವ ನಾವು, ಉತ್ತರ ಕರ್ನಾಟಕದ ಮನೆಗಳಲ್ಲಿ ಎಲೆ ಅಡಿಕೆಯ ಜತೆಗೆ ಬರುವ ಕಡ್ಡಿಪುಡಿಯನ್ನು, ಹಲ್ಲಿಗೆ ತಿಕ್ಕುವ ತಪಕೀರನ್ನು ಮರೆಯುತ್ತೇವೆ. ಮುಂಬಯಿಯ 1,217 ಗರ್ಭಿಣಿಯರ ಅಧ್ಯಯನವೊಂದು 2004ರಲ್ಲಿ ಹೊಗೆರಹಿತ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಎಂದು ತೋರಿಸಿತು. ತಂಬಾಕು ವಸಡನ್ನೂ ಕೆಡಿಸುತ್ತದೆ, ರಕ್ತ ಬರದಂತೆ ತಡೆದು ರೋಗವನ್ನು ಮುಚ್ಚಿಯೂ ಇಡುತ್ತದೆ. ‘ನನಗೆ ರಕ್ತವೇ ಬರುವುದಿಲ್ಲ’ ಎಂದು ಹೇಳುವ ತಂಬಾಕಿನವರನ್ನು ಆದಷ್ಟು ಬೇಗ ತೋರಿಸಬೇಕು.

ಮನೆಯಲ್ಲಿ ಮಾಡುವುದು ಹೆಚ್ಚೇನಿಲ್ಲ. ಮೆದುವಾದ ಬ್ರಷ್ಷಿನಲ್ಲಿ ದಿನಕ್ಕೆರಡು ಸಲ, ರಾತ್ರಿ ಮಲಗುವ ಮುನ್ನ ತಪ್ಪದೆ ಉಜ್ಜುವುದು. ರಕ್ತ ಬಂತೆಂದು ಆ ಜಾಗವನ್ನು ಬಿಟ್ಟು ಉಜ್ಜಿದರೆ ರೋಗ ಹೆಚ್ಚುತ್ತದೆ. ಬಸುರಿನ ವಾಂತಿಯಾದ ಕೂಡಲೇ ಉಜ್ಜಬಾರದು, ಹುಳಿಯಲ್ಲಿ ಮೆತ್ತಗಾದ ಹಲ್ಲು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಉಜ್ಜಬೇಕು. ಪೇಸ್ಟಿನ ವಾಸನೆಗೆ ಓಕರಿಕೆ ಬಂದರೆ ಕೆಲ ದಿನ ಬರೀ ಬ್ರಷ್ಷೂ ಆದೀತು.

ಸಂಘಗಳಿಗೆ ನಮ್ಮ ಸಲಹೆ ಇಷ್ಟು. ಮುಂದಿನ ಶಿಬಿರದಲ್ಲಿ ದಂತವೈದ್ಯರ ಮೇಜು ಒಂದು ಮೂಲೆಯಲ್ಲಿ, ಪರದೆಯೊಳಗೆ ಇರಲಿ. ಸಾಧ್ಯವಾದರೆ ಮಹಿಳಾ ವೈದ್ಯರೇ ಬರಲಿ. ಮದುವೆ ನಿಶ್ಚಯವಾದ ಹುಡುಗಿಯರನ್ನು, ಹೊಸ ದಂಪತಿಗಳನ್ನು ಹೆಸರಿಡಿದು ಕರೆಯಲಿ, ಅಂದು ಬಡಿಸುವ ಕೆಲಸ ಗಂಡಸರು ಮಾಡಲಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. ಅಲ್ಲಿಗೆ ಹೋದವರು ‘ಚಿಗುಳ್ಳು’ ಕೂಡ ನೋಡಿ ಎಂದು ಕೇಳಲಿ. ಕೇಳಬೇಕಾದ ನಾಲ್ಕು ಮಾತುಗಳನ್ನು ತೆಲುಗನ್ನೂ ಕನ್ನಡ ಲಿಪಿಯಲ್ಲೇ ಬರೆದು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಸದಸ್ಯರ ಮನೆಗಳಿಗೆ ಹಂಚುವ ಖರ್ಚು, ರಾಜ್ಯೋತ್ಸವದ ದಿನ ಹಾಕುವ ಶಾಮಿಯಾನದ ಒಂದು ದಿನದ ಬಾಡಿಗೆಯಷ್ಟೂ ಆಗುವುದಿಲ್ಲ.